ನೀರು ಕುಡಿಯುವ ಕಾರಿನಲ್ಲಿ ಹೊಸಪೇಟೆ ಸೀಮೆಗೆ

ಹೊರಡುವ ಮುಂಚೆ

ಮೈಸೂರಿನ ನಮ್ಮ ಬೀದಿಯಲ್ಲಿ ಪರದೇಶ ನೋಡದವರು ನಾವಿಬ್ಬರೇ. ಎದುರು ಮನೆಯವರು ಸಿಂಗಪುರಕ್ಕೆ ಹೋಗಿ ಬಂದಿದ್ದಾರೆ. ಮೂಲೆ ಮನೆಯವರು ದುಬೈಯಲ್ಲಿ ಒಂಟೆ ಹತ್ತಿ ಇಳಿದಿದ್ದಾರೆ, ಇಳಿಯುವಾಗ ಸೊಂಟ ಉಳುಕಿಸಿಕೊಂಡಿದ್ದಾರೆ. ನಾವು ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಹೊಸಪೇಟೆಗೆ ಹೋದೆವು. ನನ್ನ ಅತ್ತೆಯವರು ಬದುಕಿದ್ದಾಗ, ಚಿತ್ರದುರ್ಗ ದಾಟಿದರೆ ಎಲ್ಲ ಪರದೇಶವೇ ಎನ್ನುತ್ತಿದ್ದರು. ಆ ಲೆಕ್ಕದಲ್ಲಿ ನಮ್ಮದೂ ವಿದೇಶ ಪ್ರವಾಸ. ನನ್ನ ತಂಗಿ ವನಜಾಳನ್ನು ಮೂವತ್ತು ವರ್ಷದ ಹಿಂದೆ ಆ ದೇಶಕ್ಕೇ ಕೊಟ್ಟಿದ್ದೇವೆ.

ಹೋಗಿದ್ದು ನಮ್ಮ ಕಾರಿನಲ್ಲಿ. ಕಾರಿಗೆ ಇಪ್ಪತ್ತೆರಡು ವರ್ಷ. ಅದರ ಎಸಿ ಸತ್ತು ಎಷ್ಟೋ ಕಾಲವಾಗಿದೆ, ನನ್ನ ಪಕ್ಕದ ಕಿಟಕಿಯ ಗಾಜು ಅರ್ಧಕ್ಕೆ ಇಳಿದು ನಿಲ್ಲುತ್ತದೆ. ಆರು ತಿಂಗಳಿಂದ ಹೊಸ ಚಟವೊಂದು ಅಂಟಿಕೊಂಡಿತ್ತು. ಎಂಜಿನ್ ಕಾಯದಂತೆ ರೇಡಿಯೇಟರಿನಲ್ಲಿ ಸುತ್ತುವ ಹಸಿರು ನೀರು ಇರುತ್ತದಲ್ಲ, ಕೂಲೆಂಟು, ಅದು ದಿನವೂ ಇಷ್ಟಿಷ್ಟೇ ಮಾಯವಾಗುತ್ತಿತ್ತು. ಎಲ್ಲಿಗೆ ಹೋಗುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಮೈಸೂರಿನ ಮೂರು ಮೆಕ್ಯಾನಿಕ್ಕುಗಳು ನೋಡಿದರು. ಒಬ್ಬ ರೇಡಿಯೇಟರಿನ ಮುಚ್ಚಳ ಬದಲಿಸಿದ, ಇನ್ನೊಬ್ಬ ಪೈಪು ಬದಲಿಸಿದ, ಮೂರನೆಯವನು ಕಾರನ್ನೇ ಬದಲಿಸಿ ಎಂದ. ನನಗೆ ಹಿಡಿಸಿದವನು ಆ ಮೂರನೆಯವನು.

ನಮ್ಮವರು ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು. ದ್ರವ್ಯಕ್ಕೆ ನಾಶವಿಲ್ಲ, ಆದ್ದರಿಂದ ನೀರು ಎಲ್ಲೋ ಇರಲೇಬೇಕು ಎಂದು ಊಟಕ್ಕೆ ಕುಳಿತಾಗಲೆಲ್ಲ ನನಗೆ ಪಾಠ ಮಾಡುತ್ತಿದ್ದರು. ಕೊನೆಗೆ ನಾವು ಒಂದು ಒಪ್ಪಂದಕ್ಕೆ ಬಂದೆವು. ಈ ಪ್ರವಾಸ ಮುಗಿಯುವುದರೊಳಗೆ ಸೋರುವ ಜಾಗ ಸಿಕ್ಕಿದರೆ ಕಾರು ಉಳಿಯುತ್ತದೆ, ನಾನು ಇನ್ನು ತುಟಿ ಬಿಚ್ಚುವಂತಿಲ್ಲ. ಸಿಗದಿದ್ದರೆ ಮಾರಿ, ಎಸಿ ಇರುವ ಪುಟ್ಟ ಹೊಸ ಕಾರು. ಅವರು ಯೋಚಿಸಿ ಹೂಂ ಎಂದರು. ನಾನು ಯೋಚಿಸದೆಯೇ ಹೂಂ ಎಂದೆ, ಏಕೆಂದರೆ ಗೆಲುವು ನನ್ನದೇ ಎಂದು ಖಾತ್ರಿಯಿತ್ತು. ಹಿಂದಿನ ಸೀಟಿನಲ್ಲಿ ಆರು ಕ್ಯಾನು ನೀರು, ಒಂದು ಕ್ಯಾನು ಹಸಿರು ಕೂಲೆಂಟು. ಬಟ್ಟೆಯ ಬ್ಯಾಗು ನನ್ನ ತೊಡೆಯ ಮೇಲೆ.

ಮರಿಯಮ್ಮನಹಳ್ಳಿ, ಸೋಮವಾರ

ಹೊಸಪೇಟೆ ಇನ್ನೇನು ಬಂತು ಎನ್ನುವಾಗ ಕಾರಿನ ಬಿಸಿ ತೋರಿಸುವ ಮುಳ್ಳು ಮೇಲೇರತೊಡಗಿತು. ಲಾರಿಗಳ ಸಾಲಿನ ನಡುವೆ ಒಂದು ಬೇವಿನ ಮರ ಹುಡುಕಿ ನಿಲ್ಲಿಸಿದೆವು. ಮೈಸೂರಿನಲ್ಲಿ ದಾರಿ ಬದಿ ಬಾನೆಟ್ ಎತ್ತಿದರೆ ಜನ ಅಯ್ಯೋ ಪಾಪ ಎಂಬಂತೆ ನೋಡಿ ಹೋಗುತ್ತಾರೆ. ಇಲ್ಲಿ ಹಾಗಲ್ಲ. ನಾಲ್ಕು ಲಾರಿ ಡ್ರೈವರುಗಳು ಯಾರೂ ಕರೆಯದೆ ಬಂದು, ಯಾವೂರು, ಎಷ್ಟು ಮಕ್ಕಳು ಎಂದು ವಿಚಾರಿಸುತ್ತಲೇ ಎಂಜಿನ್ನಿಗೆ ತಲೆ ಹಾಕಿದರು. ಒಬ್ಬರ ಪ್ರಕಾರ ನೀರಿನ ಪಂಪು ಹೋಗಿದೆ, ಇನ್ನೊಬ್ಬರ ಪ್ರಕಾರ ಎಂಜಿನ್ನಿನ ಹೆಡ್ಡು ಹೋಗಿದೆ. ಮೂರನೆಯವರು, ಬಿಸಿಯಿರುವಾಗ ಮುಚ್ಚಳಕ್ಕೆ ಕೈ ಹಾಕಬ್ಯಾಡ್ರಿ ಎಂದು ನಮ್ಮವರ ಕೈ ಹಿಡಿದೇ ಕುಳಿತುಬಿಟ್ಟರು. ಅವರ ಅಣ್ಣನಿಗೆ ಹಾಗೆಯೇ ಮುಖ ಸುಟ್ಟಿತ್ತಂತೆ. ಎಂಜಿನ್ ಆರುವವರೆಗೂ ಅವರು ಕೈ ಬಿಡಲಿಲ್ಲ.

ನಾಲ್ಕನೆಯವರು ಎಂಜಿನ್ನಿನಿಂದ ತಲೆ ಎತ್ತಿದರು. ನನ್ನನ್ನು ನೋಡಿ, ಅಮ್ಮಾರು ಭಾಳ ಸಮಾಧಾನದಾಗ ಅದಾರ ಎಂದು ಮೆಚ್ಚಿಕೊಂಡರು. ನಾನು ಸೆರಗಿನಿಂದ ಬೆವರು ಒರೆಸಿಕೊಂಡು ಸಾಧ್ವಿಯಂತೆ ನಕ್ಕೆ.

ಹೊಸಪೇಟೆ

ವನಜಾಳ ಗಂಡ ಪಂಪಾಪತಿಯವರಿಗೆ ಕಂಪ್ಲಿಯ ಕಡೆ ಅಕ್ಕಿ ಗಿರಣಿಯಿದೆ. ಮಾತಿಗೆ ಮೊದಲು ನಗುವ ಮನುಷ್ಯ. ಆ ಮನೆಯಲ್ಲಿ ಬೆಳಗಿನ ಎಂಟು ಗಂಟೆಗೇ ಮಂಡಕ್ಕಿ ಒಗ್ಗರಣೆ, ಜೊತೆಗೆ ಮೆಣಸಿನಕಾಯಿ ಬಜ್ಜಿ. ನಮ್ಮಲ್ಲಿ ಆ ಹೊತ್ತಿಗೆ ಇಡ್ಲಿಯ ಮುಂದೆ ಕುಳಿತು ಇನ್ನೊಂದು ಬೇಕೋ ಬೇಡವೋ ಎಂದು ಯೋಚಿಸುತ್ತಿರುತ್ತೇವೆ. ಇಲ್ಲಿ ಯೋಚನೆಗೆ ಎಡೆಯೇ ಇಲ್ಲ, ಬಜ್ಜಿ ತಟ್ಟೆಗೆ ಬಿದ್ದ ಮೇಲೆ ಕಣ್ಣಲ್ಲಿ ನೀರು ಬರುತ್ತದೆ, ಅಷ್ಟೆ. ನನ್ನ ತಂಗಿ ಮೈಸೂರಿನವಳೆಂಬ ಗುರುತೇ ಉಳಿದಿಲ್ಲ. ಬಾಗಿಲಲ್ಲೇ 'ಬರ್ರಿ ಬರ್ರಿ, ಕುಂದ್ರಿ' ಎಂದಳು. ಯಾರೋ ಬೇರೆಯವರನ್ನು ಕರೆಯುತ್ತಿದ್ದಾಳೆಂದು ನಾನು ಹಿಂತಿರುಗಿ ನೋಡಿದೆ.

ನಮ್ಮವರು ರಾತ್ರಿಯೇ ಕಾರಿನ ಕೆಳಗೆ ಹಳೆಯ ಪೇಪರುಗಳನ್ನು ಹಾಸಿಟ್ಟಿದ್ದರು, ತೊಟ್ಟಿಕ್ಕಿದರೆ ಗುರುತು ಬೀಳಲಿ ಎಂದು. ಮಂಗಳವಾರ ಬೆಳಿಗ್ಗೆ ಮೊಣಕಾಲೂರಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಒಂದು ಹನಿಯೂ ಇಲ್ಲ, ಆದರೆ ರೇಡಿಯೇಟರಿನಲ್ಲಿ ನೀರು ಇಳಿದಿದೆ. ಪಂಪಾಪತಿಯವರು ಹಲ್ಲುಜ್ಜುತ್ತಾ ಬಂದು ನಿಂತು, ಸುಮಾರು ಹೊತ್ತು ನೋಡಿ ತೀರ್ಪು ಕೊಟ್ಟರು.

"ನೀರು ಸೋರೂದೂ ಇಲ್ಲ, ಉಳಿಯೂದೂ ಇಲ್ಲ. ಇದು ಭಾಳ ದೊಡ್ಡ ಯೋಗಿ ಐತ್ರಿ, ಮೇಷ್ಟ್ರೇ."

ನಮ್ಮವರು ನಗಲಿಲ್ಲ. ಪೇಪರುಗಳನ್ನು ನೀಟಾಗಿ ಮಡಚಿ ಹಿಂದಿನ ಸೀಟಿನಲ್ಲಿ ಇಟ್ಟರು.

ಹಂಪಿ, ಮಂಗಳವಾರ

ಹಂಪಿಯ ಬಗ್ಗೆ ಬರೆಯಲು ನಮ್ಮವರಿಗೇನೂ ಇಲ್ಲ. ಅವರು ನೋಡಿದ್ದು ಕಾರು ನಿಲ್ಲಿಸುವ ಜಾಗವನ್ನು ಮಾತ್ರ. ನಾನು, ವನಜಾ ಇಬ್ಬರೂ ವಿರೂಪಾಕ್ಷನಿಗೆ ಕೈಮುಗಿದು, ಬಂಡೆಗಳ ನೆರಳಿನಿಂದ ನೆರಳಿಗೆ ಓಡಿ, ಕಲ್ಲಂಗಡಿ ತಿಂದು ಬರುವವರೆಗೂ ಅವರು ಟವೆಲು ಹಾಸಿಕೊಂಡು ಕಾರಿನ ಕೆಳಗೆ ಮಲಗಿದ್ದರು. ನಾವು ಬಂದಾಗ ಅಲ್ಲೊಂದು ಗಲಾಟೆ. ಯಾವುದೋ ದೇಶದ ವಯಸ್ಸಾದ ದಂಪತಿ, ಕಾರಿನಡಿಯಿಂದ ಎರಡು ಕಾಲು ಚಾಚಿರುವುದನ್ನು ಕಂಡು, ಮುದುಕರೊಬ್ಬರು ಬಿಸಿಲಿಗೆ ತಲೆ ತಿರುಗಿ ಬಿದ್ದಿದ್ದಾರೆಂದು ಎಳೆದು ಕೂರಿಸಿದ್ದರು. ಹೆಂಗಸು ಗಾಳಿ ಬೀಸುತ್ತಿದ್ದರು. ಗಂಡಸು ತಮ್ಮ ತಣ್ಣಗಿನ ನೀರಿನ ಬಾಟಲಿಯನ್ನು ನಮ್ಮವರ ಕೈಗೆ ಕೊಟ್ಟರು. ನಮ್ಮವರು ಇಂಗ್ಲಿಷಿನಲ್ಲಿ ಕೃತಜ್ಞತೆ ಹೇಳಿ, ಎದ್ದು, ಅದನ್ನು ಪೂರ್ತಿ ರೇಡಿಯೇಟರಿಗೆ ಸುರಿದರು. ಆ ದಂಪತಿಯ ಮುಖ ನೋಡಬೇಕಿತ್ತು.

ಅಂದು ವಾಪಸು ಬರುವಾಗ ನನ್ನ ಸೀರೆಯ ಅಂಚು ತೇವವಾಗಿತ್ತು. ಕಾಲಡಿಯ ಮ್ಯಾಟೂ ತೇವ. ನನ್ನ ಬಾಟಲಿ ಸೋರಿದೆ ಎಂದುಕೊಂಡು ಹಿಂದಿನ ಸೀಟಿನಲ್ಲಿದ್ದ ಅಂದಿನ ಪೇಪರನ್ನು ಎಳೆದು ಮ್ಯಾಟಿನಡಿ ಹಾಸಿದೆ. ಆಗ ನನ್ನ ಮನಸ್ಸಿನಲ್ಲಿ ಯಾವ ಕಳ್ಳತನವೂ ಇರಲಿಲ್ಲ.

ಕಂಪ್ಲಿಯ ದಾರಿ, ಬುಧವಾರ

ಪಂಪಾಪತಿಯವರ ಗಿರಣಿ ನೋಡಿಕೊಂಡು, ಎಮ್ಮಿಗನೂರಿನ ಕಡೆ ಕಬ್ಬಿನ ಹೊಲಗಳನ್ನು ನೋಡಲು ಹೊರಟೆವು. ಕಣ್ಣಿಗೆ ತಂಪಾದ ಹಸಿರು, ಕಾರಿಗೆ ಮಾತ್ರ ತಂಪಿಲ್ಲ. ಮುಳ್ಳು ಮತ್ತೆ ಏರಿತು. ನಮ್ಮವರು ಒಂದು ಮನೆಯ ಮುಂದೆ ನಿಲ್ಲಿಸಿ, ಖಾಲಿ ಕ್ಯಾನು ಹಿಡಿದು, ಸ್ವಲ್ಪ ನೀರು ಬೇಕಿತ್ತು ಎಂದರು. ಆ ಮನೆಯಾಕೆ ಒಳಗೆ ಹೋಗಿ ಎರಡು ತಂಬಿಗೆ ನೀರು, ಒಂದು ತಟ್ಟೆಯಲ್ಲಿ ಬೆಲ್ಲದ ಉಂಡೆ ತಂದಿಟ್ಟರು. ನಮ್ಮವರು ಸಂಕೋಚದಿಂದ, ನೀರು ನಮಗಲ್ಲ, ಗಾಡಿಗೆ ಎಂದರು.

"ಗಾಡಿ ಎಲ್ಲಿ ಓಡಿ ಹೋಕ್ಕತ್ರಿ? ಮೊದ್ಲು ಮನ್ಷ್ಯಾರು ಕುಡೀರಿ. ಬಿಸಿಲಾಗ ಬಂದೀರಿ, ಬರೇ ನೀರು ಕುಡೀಬಾರ್ದು, ಬೆಲ್ಲ ಬಾಯಾಗ ಹಾಕ್ರಿ."

ಕುಡಿದೆವು. ಬೆಲ್ಲ ತಿಂದೆವು. ಆಮೇಲೆ ಚಹಾ ಬಂತು. ಕಾರಿಗೆ ನೀರು ಸಿಗುವಷ್ಟರಲ್ಲಿ ಅವರ ಸೊಸೆಯ ತವರೂರು ಯಾವುದೆಂದೂ, ಅವರ ಎಮ್ಮೆ ಯಾಕೆ ಮುನಿಸಿಕೊಂಡಿದೆ ಎಂದೂ ನಮಗೆ ಗೊತ್ತಾಗಿತ್ತು. ನಮ್ಮೂರಿನಲ್ಲಿ ನೀರು ಕೇಳಿದವರಿಗೆ ಗೇಟಿನ ಹೊರಗಿನ ನಲ್ಲಿ ತೋರಿಸುತ್ತೇವೆ. ಅದು ನೆನಪಾಗಿ ನನಗೆ ನಾಚಿಕೆಯಾಯಿತು. ಹೊರಡುವಾಗ ಆಕೆ ದೊಡ್ಡದೊಂದು ಬೆಲ್ಲದ ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕಾಲ ಬಳಿ ಇಟ್ಟರು.

ದಾರಿಯುದ್ದಕ್ಕೂ ಕಾರಿನೊಳಗೆ ಸಿಹಿ ಸಿಹಿ ವಾಸನೆ. ಒಳ್ಳೆಯ ಬೆಲ್ಲ ಎಂದು ಇಬ್ಬರೂ ಹೊಗಳಿದೆವು. ಸಂಜೆ ಬೆಲ್ಲವನ್ನು ವನಜಾಳ ಅಡಿಗೆಮನೆಗೆ ಸೇರಿಸಿ, ಬಿಟ್ಟುಹೋದ ಕನ್ನಡಕಕ್ಕಾಗಿ ಕಾರಿಗೆ ಬಂದೆ. ಬೆಲ್ಲ ಇಲ್ಲ, ವಾಸನೆ ಇದೆ. ಮ್ಯಾಟನ್ನು ಬೆರಳಿನಿಂದ ಮುಟ್ಟಿದೆ. ಅಂಟು ಅಂಟು. ಬೆರಳ ತುದಿ ತಿಳಿ ಹಸಿರು.

ಆರು ತಿಂಗಳು ಊಟದ ಜೊತೆ ಪಾಠ ಕೇಳಿದವಳು ನಾನು. ಕೂಲೆಂಟು ಹಸಿರಿರುತ್ತದೆ, ಸಿಹಿ ವಾಸನೆ ಬರುತ್ತದೆ ಎಂಬುದು ನನಗೆ ಬಾಯಿಪಾಠ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎನ್ನುತ್ತಾರಲ್ಲ, ಹಾಗೆ ಆ ಮನುಷ್ಯ ಕಾರಿನ ಹೊರಗೆಲ್ಲ ತಡಕಾಡುತ್ತಿದ್ದರೆ, ನೀರು ಹೆಂಡತಿಯ ಕಾಲ ಬುಡದಲ್ಲಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವರು ಒಮ್ಮೆಯೂ ನನ್ನ ಸೀಟಿನಲ್ಲಿ ಕುಳಿತವರಲ್ಲ.

ಕೂಗಿ ಕರೆಯಬೇಕಿತ್ತು. ಕರೆಯಲಿಲ್ಲ. ನನ್ನ ಕಣ್ಣ ಮುಂದೆ ಎಸಿ ಇರುವ ಪುಟ್ಟ ಕಾರೊಂದು ಬಂದು ನಿಂತಿತು. ಬುಧವಾರದ ಪೇಪರು ತಂದು ಮಂಗಳವಾರದ್ದರ ಮೇಲೆ ಹಾಸಿ, ಮ್ಯಾಟು ಮುಚ್ಚಿ, ಕನ್ನಡಕ ಹಾಕಿಕೊಂಡು ಒಳಗೆ ಹೋಗಿ ಊಟ ಮಾಡಿದೆ. ಚೆನ್ನಾಗಿಯೇ ಊಟ ಮಾಡಿದೆ.

ಸಂಡೂರು, ಗುರುವಾರ

ಸಂಡೂರಿನಲ್ಲಿ ಗಾದಿಲಿಂಗಪ್ಪ ಎಂಬ ಮೇಸ್ತ್ರಿ ಇದ್ದಾರೆ, ಅದಿರಿನ ಲಾರಿ ರಿಪೇರಿಯಲ್ಲೇ ತಲೆ ಬೆಳ್ಳಗಾದವರು, ಅವರ ಕಣ್ಣು ತಪ್ಪಿಸಿ ಹನಿ ನೀರೂ ಹೋಗುವುದಿಲ್ಲ ಎಂದು ಪಂಪಾಪತಿಯವರು ಹೇಳಿ ಕಳಿಸಿದರು. ಇದೇ ಕೊನೆಯ ಅವಕಾಶ, ಮರುದಿನ ನಾವು ಊರಿಗೆ ಹೊರಡುವವರು. ಗುರುವಾರದ ಪೇಪರನ್ನೂ ಮ್ಯಾಟಿನಡಿಗೆ ಸೇರಿಸಿ ನಾನು ಕುಳಿತೆ.

ನಾವು ಮೈಸೂರಿನವರು ಡಾಕ್ಟರ ಹತ್ತಿರ ಹೋಗುವುದಾದರೂ ಸ್ನಾನ ಮಾಡಿ ಇಸ್ತ್ರಿ ಬಟ್ಟೆ ಹಾಕಿಕೊಳ್ಳುವ ಜಾತಿ. ನಮ್ಮವರು ದಾರಿಯಲ್ಲಿ ಕಾರು ತೊಳೆಯುವ ಅಂಗಡಿ ಕಂಡು, ದೊಡ್ಡ ಮೇಸ್ತ್ರಿಯ ಮುಂದೆ ಕೊಳಕು ಗಾಡಿ ನಿಲ್ಲಿಸುವುದು ಚೆನ್ನಾಗಿರುವುದಿಲ್ಲ ಎಂದು ಮೈಯನ್ನೂ ಎಂಜಿನ್ನನ್ನೂ ತೊಳೆಸಿ ಲಕಲಕ ಮಾಡಿಸಿದರು. ಒಳಗೂ ಒರೆಸಲೇ ಎಂದು ಅಂಗಡಿಯವರು ಕೇಳಿದಾಗ, ಒಳಗೆ ಬೇಡವೇ ಬೇಡ ಎಂದು ನಾನು ಸೀಟು ಬಿಟ್ಟು ಏಳಲಿಲ್ಲ.

ಸಂಡೂರಿನ ಅದಿರು ದಾರಿಯಲ್ಲಿ ಮರ, ನಾಯಿ, ಅಂಗಡಿಯ ಬೋರ್ಡು ಎಲ್ಲದಕ್ಕೂ ಒಂದೇ ಕೆಂಪು. ಗಾದಿಲಿಂಗಪ್ಪನವರ ಬಿಳಿ ಮೀಸೆಗೂ ಅದೇ ಬಣ್ಣ. ನಮ್ಮ ಕಾರನ್ನು ನೋಡಿ ಅವರ ಮುಖ ಇಳಿಯಿತು.

"ಮುಖ ತೊಳಕೊಂಡು ಬಂದೈತಲ್ರೀ ಇದು. ಇನ್ನ ಕಣ್ಣೀರಿನ ಗುರುತು ಎಲ್ಲಿ ಹುಡುಕ್ಲಿ ನಾನು?"

ಅವರ ಕೆಲಸದ ರೀತಿಯೇ ಬೇರೆ. ಗಣಿ ದಾರಿಯ ಕೆಂಪು ಧೂಳು ಅರಿಶಿನದ ಪುಡಿಯಷ್ಟು ನುಣುಪು. ಒಣ ಜಾಗದಲ್ಲಿ ಕುಳಿತದ್ದು ಉಫ್ ಎಂದರೆ ಹಾರಿ ಹೋಗುತ್ತದೆ, ಹಸಿ ಇದ್ದಲ್ಲಿ ಕಪ್ಪಾಗಿ ಮೆತ್ತಿಕೊಳ್ಳುತ್ತದೆ. ಲಾರಿ ಎಲ್ಲಿ ಸೋರುತ್ತಿದೆ ಎಂಬುದನ್ನು ಅವರು ಆ ಧೂಳಿನಲ್ಲೇ ಓದುತ್ತಾರೆ. ಅದಿರು ಲಾರಿಗಳ ಹಿಂದೆ ಒಂದು ತಾಸು ಓಡಿಸಿ, ಚೆನ್ನಾಗಿ ಹೊಲಸು ಮಾಡಿಕೊಂಡು ಬನ್ನಿ ಎಂದು ನಮ್ಮನ್ನು ಅಟ್ಟಿದರು. ಕಿಟಕಿ ಅರ್ಧಕ್ಕೆ ನಿಂತ ನನ್ನ ಕಡೆಗೆ ಧೂಳೆಲ್ಲ ನುಗ್ಗಿತು. ವಾಪಸು ಬಂದಾಗ ಕಾರು, ನಾನು, ಮೇಷ್ಟ್ರು ಮೂವರೂ ಸಂಡೂರಿನವರಾಗಿದ್ದೆವು.

ಗಾದಿಲಿಂಗಪ್ಪನವರು ಬಾನೆಟ್ ಎತ್ತಿ, ಬಾಗಿ, ಉಫ್ ಎಂದು ಊದುತ್ತಾ ಒಂದೊಂದು ಪೈಪು, ಒಂದೊಂದು ಸಂದು ನೋಡಿದರು. ಧೂಳೆಲ್ಲ ಹಾರಿಹೋಯಿತು. ಎಲ್ಲೂ ಕಪ್ಪು ಗೆರೆಯಿಲ್ಲ. ಎಂಜಿನ್ ಆಯಿಲಿನ ಕಡ್ಡಿ ಎಳೆದರು, ಆಯಿಲಿಗೆ ನೀರು ಸೇರಿರಲಿಲ್ಲ. ಹಿಂದೆ ಹೋಗಿ ಹೊಗೆ ನೋಡಿದರು, ಬಿಳಿ ಹೊಗೆ ಇರಲಿಲ್ಲ. ನೀರು ಹೊರಗೆ ಬಂದಿಲ್ಲ, ಎಂಜಿನ್ನೂ ಕುಡಿದಿಲ್ಲ, ಹಾಗಾದರೆ ಇಲ್ಲೇ ಯಾರೋ ಇಟ್ಟುಕೊಂಡಿದ್ದಾರೆ ಎಂದು ತಮಾಷೆ ಮಾಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಸೀರೆಯ ಅಂಚನ್ನು ಎಳೆದು ಪಾದ ಮುಚ್ಚಿಕೊಂಡೆ.

ಮೇಸ್ತ್ರಿ ಮತ್ತೂ ಒಂದು ಸುತ್ತು ನೋಡಿದರು. ಕೊನೆಗೆ ಕೈ ಒರೆಸಿಕೊಂಡು, ಎಂಜಿನ್ ಇಳಿಸಿ ಬಿಚ್ಚಿದರೆ ಮಾತ್ರ ಗೊತ್ತಾಗುತ್ತದೆ, ಅದಕ್ಕೆ ವಾರ ಬೇಕು, ಈ ವಯಸ್ಸಿನ ಗಾಡಿಗೆ ಅದು ಬ್ಯಾಡ ಎಂದರು. ಇಂಥ ಮಾತು ಹೇಳಿ ತಮಗೆ ಅಭ್ಯಾಸವಿಲ್ಲ ಎಂದು ಮುಖ ತಿರುಗಿಸಿ ನಿಂತರು.

ನಾನು ಗೆದ್ದಿದ್ದೆ. ನಮ್ಮವರು ನನ್ನ ಕಿಟಕಿಯ ಹತ್ತಿರ ಬಂದರು. ಹುಬ್ಬು, ಮೂಗು, ಕಿವಿಯ ಕೂದಲೆಲ್ಲ ಕೆಂಪು.

"ನಿನ್ನ ನಾಲ್ಕು ದಿನಾನೂ ಹಾಳು ಮಾಡಿದೆ. ಹಂಪಿನೂ ಜೊತೆಯಾಗಿ ನೋಡ್ಲಿಲ್ಲ. ಆಯ್ತು, ಊರಿಗೆ ಹೋಗಿ ಮಾರಿಬಿಡೋಣ. ನೀನೇ ಹೊಸದು ಆರಿಸು," ಎಂದರು.

ಅವರು ಜಗಳಕ್ಕೆ ನಿಂತಿದ್ದರೆ ನಾನು ಗೆದ್ದೇ ಬಿಡುತ್ತಿದ್ದೆ. ನಿವೃತ್ತಿಯಾದ ಮೇಲೆ ಅವರನ್ನು ಯಾರೂ ಏನೂ ಕೇಳುವುದಿಲ್ಲ. ಓದಿಸಿದ ಹುಡುಗರ ಫೋನು ಬರುವುದಿಲ್ಲ, ಮಗಳಿಗೆ ಲೆಕ್ಕ ಹೇಳಿಕೊಡುವ ಕಾಲ ಎಂದೋ ಮುಗಿಯಿತು, ನಾನಂತೂ ಹೇಳುವವಳೇ ಹೊರತು ಕೇಳುವವಳಲ್ಲ. ದಿನ ಬೆಳಗಾದರೆ ಅವರಿಂದ ಏನಾದರೂ ಬೇಕೆನ್ನುತ್ತಿದ್ದುದು ಈ ಹಾಳು ಕಾರೊಂದೇ. ಇದು ನನಗೆ ಆ ಧೂಳಿನಲ್ಲಿ ಕುಳಿತಾಗ ಹೊಳೆಯಿತು.

"ರೀ, ನನ್ನ ಕಾಲ ಹತ್ತಿರ ಒಂಚೂರು ನೋಡಿ," ಎಂದೆ.

ನಾನು ಇಳಿದೆ. ಗಾದಿಲಿಂಗಪ್ಪನವರು ಮ್ಯಾಟು ಎತ್ತಿದರು. ಕೆಳಗೆ ಪೇಪರಿನ ಪದರಗಳು ನೆನೆದ ಹಪ್ಪಳದಂತೆ ಅಂಟಿಕೊಂಡಿದ್ದವು. ಅವರು ಒಂದೊಂದನ್ನೇ ಬಿಡಿಸಿ, ಕನ್ನಡಕವನ್ನು ಹಣೆಯಿಂದ ಇಳಿಸಿಕೊಂಡು, ಮೇಲಿನ ಸಾಲು ಓದಿದರು.

"ಗುರುವಾರ. ಬುಧವಾರ. ಇದು ಮಂಗಳವಾರದ್ದು." ಆಮೇಲೆ ನನ್ನನ್ನು ನೋಡಿದರು. "ಅಮ್ಮಾರ, ಮಂಗಳವಾರದಿಂದ ಗೊತ್ತಿತ್ತೇನ್ರಿ ನಿಮಗ?"

ಮಂಗಳವಾರ ಗೊತ್ತಿರಲಿಲ್ಲ, ಬುಧವಾರ ಸಂಜೆಯಿಂದ ಎಂದು ನಾನು ಸತ್ಯವನ್ನೇ ಹೇಳಿದೆ. ಅದರಿಂದ ನನ್ನ ಮಾನ ಹೆಚ್ಚೇನೂ ಉಳಿಯಲಿಲ್ಲ.

ನಮ್ಮವರು ಬೈಯಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ನನ್ನ ಸೀಟಿನ ಮುಂದೆ ಮಂಡಿಯೂರಿ, ಬೆರಳು ಅದ್ದಿ ಮೂಸಿ, ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, "ಹೀಟರ್! ಹೀಟರ್ ಕಣೇ!" ಎಂದು ಕೂಗಿದರು. ಚಳಿಗಾಲದಲ್ಲಿ ಕಾರಿನೊಳಗೆ ಬೆಚ್ಚಗಿರಲೆಂದು ಡ್ಯಾಶ್‌ಬೋರ್ಡಿನ ಹಿಂದೆ ಪುಟ್ಟದೊಂದು ರೇಡಿಯೇಟರು ಇರುತ್ತದಂತೆ. ಎಂಜಿನ್ನಿನ ಬಿಸಿನೀರು ಅಲ್ಲೂ ಹರಿದು ಬರುತ್ತದೆ. ಅದೇ ತೂತಾಗಿತ್ತು. ಗಾಡಿ ಓಡುವಾಗ ಮಾತ್ರ, ಅದೂ ಒಳಗೇ ಹನಿಯುತ್ತಿದ್ದುದರಿಂದ, ನಿಂತ ಕಾರಿನ ಕೆಳಗೆ ಹಾಸಿದ ಪೇಪರು ಒಣಗಿರುತ್ತಿತ್ತು. ಹೀಟರನ್ನು ಎಷ್ಟು ಸಲ ಉಪಯೋಗಿಸಿದ್ದೀರಿ ಎಂದು ಮೇಸ್ತ್ರಿ ಕೇಳಿದರು. ಒಮ್ಮೆ ಊಟಿಯಲ್ಲಿ, ಹತ್ತು ನಿಮಿಷ ಎಂದರು ನಮ್ಮವರು.

"ನಮ್ಮ ಸೀಮ್ಯಾಗ ಹೀಟರ್ ಹಾಕಿದ್ರ ದೇವರು ಮೆಚ್ಚತಾನೇನ್ರಿ?" ಎಂದು ಗಾದಿಲಿಂಗಪ್ಪನವರು ಹೀಟರಿಗೆ ಹೋಗುವ ಎರಡು ರಬ್ಬರು ಪೈಪುಗಳನ್ನು ಕಿತ್ತು, ನಡುವೆ ಒಂದು ತುಂಡು ಕೊಳವೆ ಸೇರಿಸಿ, ಎರಡು ಕ್ಲಿಪ್ಪು ಬಿಗಿದು, ನೀರು ಅತ್ತ ಸುಳಿಯದಂತೆ ಮಾಡಿಬಿಟ್ಟರು. ಅರ್ಧ ಗಂಟೆಯ ಕೆಲಸ. ಹೊರಡುವಾಗ ನನ್ನ ಕಾಲಡಿಗೆ ಒಣಗಿದ ಗೋಣಿಚೀಲವೊಂದನ್ನು ಹಾಸಿಕೊಟ್ಟು, ಇದರ ಮ್ಯಾಲೆ ತಾರೀಖು ಇಲ್ಲ, ಆರಾಮ ಕುಂದ್ರಿ ಎಂದರು.

ವಾಪಸು, ಶುಕ್ರವಾರ

ಬೆಳಿಗ್ಗೆ ಕೂಡ್ಲಿಗಿಯಲ್ಲಿ ನಿಲ್ಲಿಸಿ ನಮ್ಮವರು ಬಾನೆಟ್ ಎತ್ತಿದರು. ನೀರು ಇದ್ದಷ್ಟೇ ಇತ್ತು. ಭಲೇ ಎಂದರು. ಚಿತ್ರದುರ್ಗದಲ್ಲಿ ಮತ್ತೆ ಎತ್ತಿದರು. ಅಷ್ಟೇ ಇತ್ತು. ಈ ಸಲ ಏನೂ ಹೇಳದೆ ಮುಚ್ಚಿದರು. ಹಿರಿಯೂರಿನಲ್ಲಿ ಬಾಗಿಲು ತೆಗೆದವರು ಇಳಿಯದೆ ಹಾಗೇ ಕುಳಿತು, ನೀರು ತುಂಬಿದ ಕ್ಯಾನುಗಳನ್ನು ಕನ್ನಡಿಯಲ್ಲಿ ನೋಡಿ, ಬಾಗಿಲು ಹಾಕಿಕೊಂಡರು. ಮುಳ್ಳು ನಡುವಿನಲ್ಲಿ ನಿಂತು ಅಲುಗಲಿಲ್ಲ. ನನ್ನ ಕಾಲು ಬೆಚ್ಚಗೆ ಒಣಗಿತ್ತು. ಪೇಪರಿನ ವಿಷಯ ಅವರು ಎತ್ತಲೇ ಇಲ್ಲ. ಕಾರು ಚೆನ್ನಾಗಿ ಓಡುತ್ತಿತ್ತು, ಹೇಳಲು ಏನೂ ಇರಲಿಲ್ಲ. ಮೈಸೂರಿಗೆ ಇನ್ನೂ ಬಹಳ ದೂರವಿತ್ತು, ಅವರು ಸ್ಟೇರಿಂಗ್ ಹಿಡಿದು ಸುಮ್ಮನೆ ದಾರಿ ನೋಡುತ್ತಿದ್ದರು. ಒಂದು ಗಂಟೆ ಸಹಿಸಿಕೊಂಡೆ.

"ರೀ," ಎಂದೆ, "ನನ್ನ ಕಡೆಯಿಂದ ಏನೋ ಟಕ್ ಟಕ್ ಅಂತ ಶಬ್ದ ಬರ್ತಿದೆ. ನಿಮಗೆ ಕೇಳಿಸ್ತಿಲ್ವಾ?"

ಅವರ ಬೆನ್ನು ನೆಟ್ಟಗಾಯಿತು. ಯಾವ ಕಡೆ, ಮುಂದಿನಿಂದಲೋ ಕೆಳಗಿನಿಂದಲೋ, ವೇಗ ಹೆಚ್ಚಿದಾಗಲೋ ತಿರುಗಿಸಿದಾಗಲೋ ಎಂದು ಒಂದರ ಮೇಲೊಂದು ಪ್ರಶ್ನೆ ಹಾಕುತ್ತಾ ಹುಣಸೆ ಮರವೊಂದರ ಕೆಳಗೆ ನಿಲ್ಲಿಸಿದರು. ಟವೆಲು ಹಾಸಿಕೊಂಡು ಕಾರಿನಡಿಗೆ ಹೋದರು. ನಾನೂ ಇಳಿದು, ಬಗ್ಗಿ, ಇನ್ನೂ ಸ್ವಲ್ಪ ಎಡಕ್ಕೆ ಇರಬೇಕು ನೋಡಿ ಎಂದೆ. ಅಂಥ ಶಬ್ದ ಯಾವುದೂ ಇರಲಿಲ್ಲ.